ಹೇಸಿಗೆಗೆ ಎಷ್ಟು ಮರ್ಯಾದೆ?

ದೊಡ್ಡ ಕರುಳನ್ನು ಹೊಟ್ಟೆಯ ಮೇಲೆ ತೆರೆದು ಮಲಕ್ಕೆ ಹೊಸ ದಾರಿ ಮಾಡುವ ಶಸ್ತ್ರಚಿಕಿತ್ಸೆಗೆ ಕೊಲಾಸ್ಟಮಿ ಎನ್ನುತ್ತಾರೆ. 1793ರಲ್ಲಿ ಫ್ರಾನ್ಸಿನ ಬ್ರೆಸ್ಟ್‌ನಲ್ಲಿ ಡ್ಯೂರೆ ಎಂಬ ವೈದ್ಯ, ಗುದದ್ವಾರವೇ ಇಲ್ಲದೆ ಹುಟ್ಟಿದ ಎಳೆಗೂಸಿಗೆ ಇದನ್ನು ಮಾಡಿದ. ಆ ಕೂಸು 45 ವರ್ಷ ಬದುಕಿತು. ಅರಿವಳಿಕೆ ಇನ್ನೂ ಬಂದಿರದ ಕಾಲ, ಅಂಟಿಸುವ ಚೀಲವೂ ಇರಲಿಲ್ಲ. ಡ್ಯೂರೆಯ ಹೆಸರು ಉಳಿದಿದೆ. ಅದನ್ನು ದಿನವೂ ಒರೆಸಿ ತೊಳೆದವರದ್ದಲ್ಲ.

ಹೊರಗೆ ಕಾಣುವ ಕರುಳಿನ ತುದಿಗೆ ಸ್ಟೋಮಾ ಎಂದು ಹೆಸರು. ಅದು ಕೆನ್ನೆಯ ಒಳಭಾಗದಂತೆ ಕೆಂಪಗೆ, ಒದ್ದೆಯಾಗಿರಬೇಕು. ಮುಟ್ಟಿದರೆ ನೋವಾಗುವುದಿಲ್ಲ. ಹಾಗಾಗಿ ಏನಾದರೂ ಕೆಟ್ಟರೆ ನೋವು ಬಂದು ತಿಳಿಸೀತು ಎಂದು ಕೂರುವಂತಿಲ್ಲ, ನೋಡಬೇಕು. ಆಪರೇಷನ್ ಆದ ಮೊದಲ ದಿನಗಳಲ್ಲಿ ಅದು ಕಪ್ಪಗಾದರೆ, ರಕ್ತ ಸಾಲದೆ ಕರುಳು ಸಾಯುತ್ತಿದೆ ಎಂದರ್ಥ. ಕಪ್ಪು ಮೇಲ್ತುದಿಯಲ್ಲೇ ನಿಂತರೆ ಕಾಯಬಹುದು, ಹೊಟ್ಟೆಯ ಗೋಡೆಯ ಒಳಕ್ಕೂ ಇಳಿದಿದ್ದರೆ ಮತ್ತೆ ಕೊಯ್ಯಲೇಬೇಕು. ಸುತ್ತಲ ಚರ್ಮ ಕೆಂಪಾಗಿ ಉರಿಯುವುದು ಇದಕ್ಕಿಂತ ಸಾಮಾನ್ಯ. ಚೀಲದ ತಟ್ಟೆಯಲ್ಲಿ ಕತ್ತರಿಸಿದ ತೂತು ದೊಡ್ಡದಾಗಿ ಮಲ ಚರ್ಮಕ್ಕೆ ತಾಗುತ್ತಿರುತ್ತದೆ. ಮೊದಲ ವಾರಗಳಲ್ಲಿ ಸ್ಟೋಮಾ ಕುಗ್ಗುತ್ತದೆ. ಆಗಾಗ ಅಳೆದು ತೂತನ್ನು ಕಿರಿದು ಮಾಡಿಕೊಂಡರೆ ಬಹುಮಟ್ಟಿಗೆ ವಾಸಿಯಾಗುತ್ತದೆ. ಕರುಳು ಹೊರಜಾರಿ ಊದಿಕೊಂಡಾಗ, ಬಣ್ಣ ಇನ್ನೂ ಕೆಂಪಾಗಿಯೇ ಇದ್ದರೆ, ವೈದ್ಯರು ಅದರ ಮೇಲೆ ಅಡುಗೆಮನೆಯ ಸಕ್ಕರೆಯನ್ನೇ ಉದುರಿಸುವುದುಂಟು! ಸಕ್ಕರೆ ನೀರೆಳೆದು ಊತ ಇಳಿಸುತ್ತದೆ, ಆಮೇಲೆ ಮೆಲ್ಲಗೆ ಒಳತಳ್ಳುತ್ತಾರೆ.

ಇಷ್ಟಕ್ಕೂ ಮೊದಲು ಬೇಕಾದದ್ದು ಕಣ್ಣು. ನಮ್ಮಲ್ಲಿ ಕೊರತೆಯಿರುವುದೂ ಅದಕ್ಕೇ ಎಂದು ನನ್ನ ಅನಿಸಿಕೆ. ಮಡಿ-ಮೈಲಿಗೆಯಲ್ಲಿ ಬೆಳೆದ ನಾವು ಮಲವನ್ನು ನೋಡದಿರುವುದನ್ನೇ ಸಭ್ಯತೆ ಎಂದುಕೊಂಡಿದ್ದೇವೆ. ನೋಡುವ, ಬಾಚುವ ಕೆಲಸವನ್ನು ತಲೆಮಾರುಗಳಿಂದ ಕೆಲವು ಜಾತಿಗಳ ಮೇಲೆ ಹೊರಿಸಿದ್ದೇವೆ. ಈಗ ಅದು ತನ್ನದೇ ಹೊಟ್ಟೆಯ ಮೇಲೆ ಬಂದಾಗ ಮನೆಯ ಯಜಮಾನ ಮುಖ ತಿರುಗಿಸುತ್ತಾನೆ, ಚೀಲ ಬದಲಿಸುವುದು ಹೆಂಡತಿಯ ಪಾಲಿಗೋ ಸೊಸೆಯ ಪಾಲಿಗೋ ಬರುತ್ತದೆ. ಹೇಸಿಗೆ ಸಹಜವಲ್ಲವೇ ಎಂದು ಕೇಳಬಹುದು. ಸಹಜವೇ. ಕೂಸಿನ ಬಟ್ಟೆ ಬದಲಿಸುವ ಹೊಸ ಬಾಣಂತಿಗೂ ಅದು ಇದ್ದೀತು. ಆದರೆ ಆಕೆಗೆ ಯಾರೂ ವಿನಾಯಿತಿ ಕೊಡುವುದಿಲ್ಲ, ಕೆಲಸ ಮಾಡುತ್ತಲೇ ಅದು ಕಳೆಯುತ್ತದೆ. ಗಂಡಸಿನ ಹೇಸಿಗೆಗೆ ಮಾತ್ರ ಯಾಕಿಷ್ಟು ಮರ್ಯಾದೆ?

ಆಪರೇಷನ್‌ಗೆ ಮುಂಚೆ ರೋಗಿಯನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ ಸ್ಟೋಮಾ ಬರಬೇಕಾದ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಬೇಕು. ಮಡಿಕೆ ಬೀಳುವ ಕಡೆ ಬೇಡ, ಪಂಚೆಯೋ ಸೀರೆಯೋ ಬಿಗಿಯುವ ಕಡೆಯೂ ಬೇಡ. ಇನ್ನೊಂದು ನಿಯಮವಿದೆ. ರೋಗಿ ತಾನೇ ತಲೆ ಬಗ್ಗಿಸಿದರೆ ಅದು ಕಾಣಬೇಕು, ಕೈಗೆ ಎಟುಕಬೇಕು. ಹೊಟ್ಟೆ ದೊಡ್ಡದಿರುವವರಿಗೆ ಇದಕ್ಕಾಗಿಯೇ ಗುರುತನ್ನು ಇನ್ನಷ್ಟು ಮೇಲೆ ಹಾಕುತ್ತಾರೆ.