ಪಾರಿವಾಳದ ಪ್ರದಕ್ಷಿಣೆ



1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಅವರು ಹಸಿದ ಎಂಟು ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಪಕ್ಷಿಯು ಏನು ಮಾಡಲಿ, ಮಾಡದಿರಲಿ, ನಿಯತಕಾಲಕ್ಕೆ ಕಾಳು ದೊರೆಯುತ್ತಿತ್ತು. ಆದರೂ ಆರು ಪಾರಿವಾಳಗಳು ಒಂದೊಂದು ಚೇಷ್ಟೆಯನ್ನು ರೂಢಿಸಿಕೊಂಡವು. ಒಂದು ಪಂಜರದೊಳಗೆ ಸುತ್ತತೊಡಗಿತು. ಇನ್ನೊಂದು ಮೇಲಣ ಮೂಲೆಗೆ ತಲೆ ಚಾಚತೊಡಗಿತು. ಕಾಳು ಬಂದಾಗ ಅಕಸ್ಮಾತ್ತಾಗಿ ಮಾಡುತ್ತಿದ್ದುದನ್ನೇ, ಅದೇ ಕಾಳಿಗೆ ಕಾರಣವೆಂಬಂತೆ, ಮತ್ತೆ ಮತ್ತೆ ಮಾಡಿದವೆಂಬುದು ಸ್ಕಿನ್ನರರ ವಿವರಣೆ. ಮುಂದಿನ ವಿದ್ವಾಂಸರು ಇದನ್ನು ಪ್ರಶ್ನಿಸಿದ್ದುಂಟು. ನಮ್ಮ ಆತ್ಮಪರೀಕ್ಷೆಗಂತೂ ಇದು ಕನ್ನಡಿಯಾಗಬಲ್ಲದು.

ಊರು ಬಿಟ್ಟು ಪರಸ್ಥಳದಲ್ಲಿ ನೆಲೆಸಿದ ನಾವು ಗುರುವಾರ ರಾಯರ ಬೃಂದಾವನಕ್ಕೆ ಪ್ರದಕ್ಷಿಣೆ ಬರುತ್ತೇವೆ. ಬಡ್ತಿ ದೊರೆತರೆ ಸುತ್ತು ಹೆಚ್ಚುತ್ತದೆ; ದೊರೆಯದಿದ್ದರೆ ನಿಂತೇಹೋಗುತ್ತದೆ. ಉಪನೀತನಾದ ಮಗನಿಗೆ ಚಾಕಲೇಟಿನ ಆಸೆ ತೋರಿಸಿ ಸಂಧ್ಯಾವಂದನೆ ಮಾಡಿಸುತ್ತೇವೆ. ಆಸೆ ತೀರಿದ ದಿನ ಅರ್ಘ್ಯವೂ ನಿಲ್ಲುತ್ತದೆ. ತಪ್ಪು ವಟುವಿನದಲ್ಲ, ನಾವು ಕಲಿಸಿದ್ದೇ ಆಸೆಯನ್ನು.

ಅಭ್ಯಾಸವು ಹೇಯವಲ್ಲ. ಗೀತೆಯ ಆರನೆಯ ಅಧ್ಯಾಯದಲ್ಲಿ ಭಗವಂತನು ಮನೋನಿಗ್ರಹಕ್ಕೆ ಅಭ್ಯಾಸವನ್ನು ಹೇಳಿದ್ದಾನೆ. ಜೊತೆಗೇ ವೈರಾಗ್ಯವನ್ನೂ ಹೇಳಿದ್ದಾನೆ. ಶ್ರೀಮದಾಚಾರ್ಯರ ಮತದಲ್ಲಿ ಭಕ್ತಿಯೆಂದರೆ ಮಾಹಾತ್ಮ್ಯಜ್ಞಾನದಿಂದ ಕೂಡಿದ ಸ್ನೇಹ. ಪಾರಿವಾಳಕ್ಕೆ ಕಾಳು ತಿಳಿದಿತ್ತು, ಕೊಡುವವನು ತಿಳಿದಿರಲಿಲ್ಲ. ಆದ್ದರಿಂದ ಮಗುವಿಗೆ ಅರ್ಘ್ಯವನ್ನು ಕಲಿಸುವಾಗ ಅದು ಯಾರಿಗೆಂಬುದನ್ನೂ ಹೇಳೋಣ. ಬೇಡಿದ್ದು ದೊರೆಯದ ಗುರುವಾರವೂ ಒಂದು ಸುತ್ತು ಬರೋಣ.

ಶ್ರೀಕೃಷ್ಣಾರ್ಪಣಮಸ್ತು.