ಮಾಳಿಗೆಗೊಂದು ಗೋಡೆ

ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ ಒಂದು ಪುಟ್ಟ ಕಟ್ಟಳೆಯಿದೆ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತಲೂ ಗೋಡೆ ಎಬ್ಬಿಸಬೇಕು. ಎಬ್ಬಿಸದೆ ಬಿಟ್ಟು ಯಾರಾದರೂ ಅಲ್ಲಿಂದ ಬಿದ್ದರೆ ಆ ರಕ್ತದ ಹೊಣೆ ಆ ಮನೆಯ ಮೇಲೆ ಬರುತ್ತದೆ ಎಂಬುದು ಅದರ ಸಾರ. ಮೇಸ್ತ್ರಿಗೆ ಹೇಳಬೇಕಾದ ಮಾತೊಂದು ಇಲ್ಲಿ ದೇವರ ಆಜ್ಞೆಯಾಗಿದೆ. ಬಿದ್ದವನು ನೋಡಿ ನಡೆಯಬಾರದಿತ್ತೇ ಎಂದು ಈ ಕಟ್ಟಳೆ ಕೇಳುವುದಿಲ್ಲ. ಗೋಡೆ ಏಕೆ ಕಟ್ಟಲಿಲ್ಲ ಎಂದು ಮನೆಯವನನ್ನೇ ಕೇಳುತ್ತದೆ.

ಬೀಳುವುದನ್ನು ತಡೆಯುವುದು ಕಾನೂನಿನ ಕೆಲಸವೇ ಎಂಬ ಪ್ರಶ್ನೆ ಇಂದಿಗೂ ಜೀವಂತವಾಗಿದೆ. 2025ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಮಾಜಿ ಸೈನಿಕರು ಜಾರಿ ಬೀಳದಂತೆ ತಡೆಯುವ ಸಲುವಾಗಿಯೇ ಒಂದು ಮಸೂದೆ ಮಂಡನೆಯಾಯಿತು. ಅವರ ಯೋಗಕ್ಷೇಮದ ಇಲಾಖೆಯಲ್ಲಿ ಈ ಕೆಲಸಕ್ಕೆಂದು ಪ್ರತ್ಯೇಕ ಕಚೇರಿ ಇರಬೇಕೆಂಬುದು ಅದರ ಆಶಯ. ಕೇಳಿದವರಿಗೆ ನಗು ಬರಬಹುದು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ 6,84,000 ಮಂದಿ ಬಿದ್ದು ಸಾಯುತ್ತಾರೆ. ಇವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ನಮ್ಮಂತಹ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು.

ಈಗ ನಮ್ಮ ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆ ಬನ್ನಿ. 1971ರ ಯುದ್ಧದ ಕಾಲದಲ್ಲಿ ಇಪ್ಪತ್ತರ ಹರೆಯದಲ್ಲಿದ್ದ ಯೋಧರು ಇಂದು ಎಪ್ಪತ್ತು ದಾಟಿದ ಅಜ್ಜಂದಿರು. ಪ್ರತಿವರ್ಷ ಡಿಸೆಂಬರ್ 7ರ ಧ್ವಜ ದಿನದಂದು ನಾವು ಪುಟ್ಟ ಬಾವುಟವನ್ನು ಎದೆಗೆ ಸಿಕ್ಕಿಸಿಕೊಂಡು ಅವರನ್ನು ಸ್ಮರಿಸುತ್ತೇವೆ. ಉಳಿದ ದಿನಗಳಲ್ಲಿ ಅವರು ಎದುರಿಸುವುದು ಎತ್ತರದ ಜಗುಲಿಯನ್ನು, ಹೊಸಿಲನ್ನು, ಒದ್ದೆಯಾದ ಬಚ್ಚಲಿನ ಕಲ್ಲನ್ನು, ಚರಂಡಿಯ ಮೇಲೆ ಅಲುಗಾಡುವ ಚಪ್ಪಡಿಯನ್ನು. ಹಲವು ಹಳ್ಳಿಮನೆಗಳಲ್ಲಿ ಶೌಚಾಲಯ ಇಂದಿಗೂ ಹಿತ್ತಲಿನಲ್ಲಿದೆ. ನಡುರಾತ್ರಿ ಎದ್ದು, ದೀಪ ಹಾಕಿದರೆ ಮಕ್ಕಳ ನಿದ್ದೆ ಕೆಟ್ಟೀತೆಂದು ಕತ್ತಲಲ್ಲೇ ಹೆಜ್ಜೆಯಿಡುವ ಹಿರಿಯರು ಎಷ್ಟು ಮಂದಿ! ಕಣ್ಣಿನ ಪೊರೆ, ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಳೆದುಕೊಂಡ ಪಾದ, ರಕ್ತದೊತ್ತಡದ ಮಾತ್ರೆ ತರುವ ತಲೆಸುತ್ತು, ಇವೆಲ್ಲ ಅದಕ್ಕೆ ಜೊತೆಯಾಗುತ್ತವೆ. ಒಮ್ಮೆ ಸೊಂಟದ ಮೂಳೆ ಮುರಿದರೆ, ಮೈಸೂರಿಗೆ ಕರೆದೊಯ್ಯಬೇಕಾದರೆ ಸುಮಾರು 60 ಕಿಲೋಮೀಟರ್ ದಾರಿ. ಹೀಗೆ ಮಲಗಿದ ಅನೇಕರು ಮತ್ತೆ ಮೊದಲಿನಂತೆ ನಡೆಯುವುದಿಲ್ಲ.

ನಮ್ಮಲ್ಲಿ ಕಾನೂನುಗಳಿಲ್ಲವೆಂದಲ್ಲ. ಮಾಜಿ ಸೈನಿಕರ ಆರೋಗ್ಯ ಯೋಜನೆ 2003ರಿಂದ ನಡೆಯುತ್ತಿದೆ. ತಂದೆತಾಯಿ ಹಾಗೂ ಹಿರಿಯ ನಾಗರಿಕರ ಪಾಲನೆ ಪೋಷಣೆಯ ಕಾಯಿದೆ 2007ರಲ್ಲಿ ಬಂದಿತು. ಅನ್ನ, ಬಟ್ಟೆ, ವಸತಿ, ಚಿಕಿತ್ಸೆಗಳನ್ನು ಅದು ಮಕ್ಕಳ ಹೊಣೆಯಾಗಿಸಿದೆ. ಬೀಳದಂತೆ ಮನೆಯನ್ನು ಸಜ್ಜುಗೊಳಿಸಬೇಕೆಂಬ ಮಾತು ಅದರಲ್ಲಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಸುಗಮವಾಗಿರಬೇಕೆಂದು ವಿಧಿಸಿತು. ಅದಕ್ಕೆ ಕಡ್ಡಾಯವಾದ ನಿಯಮಗಳು ಬೇಕೆಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಬಿದ್ದ ಮೇಲೆ ಎತ್ತುವುದನ್ನು ನಾವು ಒಂದಷ್ಟು ಕಲಿತಿದ್ದೇವೆ. ಬೀಳದಂತೆ ಕಾಯುವುದನ್ನು ಇನ್ನೂ ಕಲಿಯಬೇಕಿದೆ. ಇದಕ್ಕೆ ಕಾರಣವೂ ಉಂಟು. ಮುರಿದ ಮೂಳೆ ಕಣ್ಣಿಗೆ ಕಾಣುತ್ತದೆ, ಕನಿಕರ ಹುಟ್ಟಿಸುತ್ತದೆ. ಮುರಿಯದೆ ಉಳಿದ ಮೂಳೆಗೆ ಯಾರೂ ಕೃತಜ್ಞತೆ ಹೇಳುವುದಿಲ್ಲ.

ಕಾನೂನೆಂದರೆ ಸಮುದಾಯದ ಹೊಣೆ ಹೊತ್ತವರು ಸರ್ವರ ಹಿತಕ್ಕಾಗಿ ಮಾಡಿ ಸಾರುವ ವಿವೇಕದ ಕಟ್ಟಳೆ ಎಂಬುದು ಸಂತ ಥಾಮಸ್ ಅಕ್ವಿನಾಸರ ವಿಚಾರ. ಎಲ್ಲ ಸದ್ಗುಣಗಳನ್ನೂ ಕಾನೂನಿನಿಂದ ವಿಧಿಸಲಾಗದು ಎಂಬುದನ್ನೂ ಅವರು ಬಲ್ಲವರಾಗಿದ್ದರು. ತಾಲ್ಲೂಕು ಕಚೇರಿಯ ಮೆಟ್ಟಿಲಿಗೆ ಹಿಡಿಕೆ ಹಾಕಿಸಲು ಸರ್ಕಾರಕ್ಕೆ ಸಾಧ್ಯ, ಹಾಕಿಸಲೇಬೇಕು. ಆದರೆ ನಿಮ್ಮ ಬಚ್ಚಲುಮನೆಗೆ ಯಾವ ಅಧಿಕಾರಿಯೂ ಬರಲಾರ. ಅಲ್ಲಿ ಕಾನೂನು ನಿಲ್ಲುತ್ತದೆ, ಮನಸ್ಸಾಕ್ಷಿ ಮುಂದುವರಿಯಬೇಕಾಗುತ್ತದೆ. ಬಲಿಪೂಜೆಯ ಆರಂಭದಲ್ಲಿ ನಾವು ಮಾಡಿದ ಪಾಪಗಳನ್ನಷ್ಟೇ ಅಲ್ಲ, ಮಾಡಬೇಕಾದುದನ್ನು ಮಾಡದೆ ಬಿಟ್ಟ ಪಾಪಗಳನ್ನೂ ಒಪ್ಪಿಕೊಳ್ಳುತ್ತೇವಲ್ಲವೇ? ಕಟ್ಟದೆ ಬಿಟ್ಟ ಗೋಡೆ ಅಂತಹ ಪಾಪ.

ಇಲ್ಲೊಂದು ಆಕ್ಷೇಪವನ್ನು ಕೇಳಿಸಿಕೊಳ್ಳಬೇಕು. ಬಂದೂಕು ಹೊತ್ತು ಹಿಮದಲ್ಲಿ ನಿಂತವರ ಕೈಗೆ ಊರುಗೋಲು ಕೊಟ್ಟರೆ ಅವರ ಮನಸ್ಸು ನೋಯದೇ? ನೋಯುತ್ತದೆ. “ಕೂತ್ಕೊಳ್ಳಿ, ಏಳಬೇಡಿ” ಎಂದು ದಿನವಿಡೀ ಗದರುವ ಮಕ್ಕಳ ಪ್ರೀತಿಯೂ ಒಂದು ಬಗೆಯ ಸೆರೆಮನೆಯೇ. ಅದರಿಂದ ಲಾಭವೂ ಇಲ್ಲ. ಕುಳಿತೇ ಇದ್ದ ಕಾಲುಗಳು ಸೊರಗುತ್ತವೆ, ಸೊರಗಿದ ಕಾಲುಗಳು ಬೇಗ ಎಡವುತ್ತವೆ. ಆ ಹಳೆಯ ಕಟ್ಟಳೆಯನ್ನು ಮತ್ತೊಮ್ಮೆ ನೋಡಿ. ಮಾಳಿಗೆ ಹತ್ತಬೇಡ ಎಂದು ಅದು ಹೇಳಲಿಲ್ಲ, ಗೋಡೆ ಕಟ್ಟು ಎಂದಿತು. ಗೋಡೆಯಿದ್ದುದರಿಂದಲೇ ಅಲ್ಲಿ ಧಾನ್ಯ ಒಣಗಿಸಬಹುದಿತ್ತು, ಸಂಜೆಯ ಗಾಳಿಗೆ ಕೂರಬಹುದಿತ್ತು. ನಿಜವಾದ ರಕ್ಷಣೆ ಮನುಷ್ಯನ ಸ್ವಾತಂತ್ರ್ಯವನ್ನು ಕಸಿಯದೆ ಅದಕ್ಕೆ ಆಸರೆಯಾಗುತ್ತದೆ. ಆದ್ದರಿಂದ ಹಿರಿಯರಿಗೆ ಆಜ್ಞೆ ಮಾಡುವ ಮೊದಲು ಅವರನ್ನೇ ಕೇಳಿ: “ಅಪ್ಪಾ, ಎಲ್ಲಿ ಹಿಡಿದುಕೊಳ್ಳಲು ಏನಾದರೂ ಬೇಕು ಅನ್ನಿಸುತ್ತದೆ?”

ಈ ಪ್ರಶ್ನೆ ದೇವರ ಮನೆಗೂ ಸಲ್ಲುತ್ತದೆ. ಜಗದ್ಗುರು ಫ್ರಾನ್ಸಿಸರು 2021ರಲ್ಲಿ ಜುಲೈ ತಿಂಗಳ ನಾಲ್ಕನೇ ಭಾನುವಾರವನ್ನು ಅಜ್ಜ ಅಜ್ಜಿಯರ ಹಾಗೂ ಹಿರಿಯರ ದಿನವಾಗಿ ನೀಡಿದರು. ಅಂದು ನಾವು ಹಿರಿಯರಿಗೆ ಶಾಲು ಹೊದಿಸುತ್ತೇವೆ, ಸಂತೋಷ. ಅದೇ ದೇವಾಲಯದ ಮೆಟ್ಟಿಲುಗಳಿಗೆ ಹಿಡಿಕಂಬಿಯಿದೆಯೇ? ಗಾಲಿಕುರ್ಚಿ ಏರಲು ಇಳಿಜಾರು ಇದೆಯೇ? ಮಳೆಗಾಲದಲ್ಲಿ ಅಂಗಳದ ಪಾಚಿಯನ್ನು ಉಜ್ಜುವವರಿದ್ದಾರೆಯೇ?

ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳಲ್ಲಿ ಮೂರರಲ್ಲಿ ಯೇಸುಸ್ವಾಮಿ ಬೀಳುತ್ತಾರೆ. ಸುತ್ತಲೂ ಸೈನಿಕರಿದ್ದರು, ನೋಡುವ ಜನರಿದ್ದರು. ಭಾರಕ್ಕೆ ಹೆಗಲು ಕೊಟ್ಟವನು ಸಿರೇನೆಯ ಸಿಮೋನನೊಬ್ಬನೇ, ಅದೂ ಒತ್ತಾಯಕ್ಕೆ. ಕಾನೂನು ಮಾಡುವುದೂ ಹೀಗೆಯೇ: ಮೊದಲು ಒತ್ತಾಯಿಸುತ್ತದೆ. ಒತ್ತಾಯದಿಂದ ಹೊತ್ತುದನ್ನು ಪ್ರೀತಿಯಿಂದ ಹೊರುವುದು ನಮಗೆ ಬಿಟ್ಟದ್ದು.

ಆದುದರಿಂದ ಈ ವಾರ ಒಂದು ರಾತ್ರಿ, ಮನೆಯ ದೀಪಗಳು ಆರಿದ ಮೇಲೆ, ನಿಮ್ಮ ಹಿರಿಯರ ಹಾಸಿಗೆಯಿಂದ ಬಚ್ಚಲಿನವರೆಗೆ ನೀವೇ ನಿಧಾನವಾಗಿ ನಡೆದು ನೋಡಿ. ಕಾಲಿಗೆ ತೊಡರುವ ಗೋಣಿಚೀಲ, ಕೈಗೆ ಆಸರೆ ಸಿಗದ ಗೋಡೆ, ದೀಪವಿಲ್ಲದ ತಿರುವು, ಎಲ್ಲವೂ ನಿಮಗೇ ತಿಳಿಯುತ್ತವೆ. ಬೆಳಗಾದ ಮೇಲೆ ಕೆಲಸ ಆರಂಭಿಸಿ. ಗಡಿ ಕಾದವರ ಹೆಜ್ಜೆಯನ್ನು ಮನೆಯೊಳಗೆ ಕಾಯುವ ಸರದಿ ಈಗ ನಮ್ಮದು.