ಹಿಟ್ಟಿನ ಕೋಳಿಯೂ ರಟ್ಟಿನ ಸೇನೆಯೂ

ಹಿಂಸೆಯ ಮೂಲವೆಲ್ಲಿ ಎಂಬ ಪ್ರಶ್ನೆಗೆ ಜೈನಾಚಾರ್ಯರು ನೀಡಿರುವ ಉತ್ತರದಲ್ಲಿ ಸಂದಿಗ್ಧತೆಯಿಲ್ಲ. ಪ್ರಮಾದಯುಕ್ತವಾದ ಮನೋವಾಕ್ಕಾಯ ವ್ಯಾಪಾರದಿಂದ ಪ್ರಾಣಕ್ಕೆ ಒದಗುವ ಘಾತವೇ ಹಿಂಸೆ ಎಂದು ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ನಿರೂಪಿಸಿದ್ದಾರೆ. ರಾಗಾದಿ ಭಾವಗಳು ಆತ್ಮನಲ್ಲಿ ಉದಯಿಸುವುದೇ ಹಿಂಸೆಯ ಸಾರವೆಂದು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಸೂರಿಗಳು ಇನ್ನೂ ಒಳಕ್ಕೆ ಹೋಗಿ ತೋರಿಸಿದ್ದಾರೆ. ಕೈ ಮಾಡಿದ್ದಕ್ಕಿಂತ ಮೊದಲು ಮನಸ್ಸು ಏನು ಮಾಡಿತು ಎಂಬುದನ್ನು ವಿಚಾರಿಸುವುದು ಈ ಪರಂಪರೆಯ ಕ್ರಮ.

ಕನ್ನಡಿಗರಿಗೆ ಈ ತತ್ತ್ವವನ್ನು ಕಥಾರೂಪದಲ್ಲಿ ಮನಗಾಣಿಸಿದವನು ಕವಿ ಜನ್ನ. ಕ್ರಿ.ಶ. 1209ರಲ್ಲಿ ರಚಿತವಾದ ಯಶೋಧರ ಚರಿತೆಯಲ್ಲಿ ರಾಜನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು, ಜೀವವಿರುವ ಪ್ರಾಣಿಯ ಬದಲಾಗಿ ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿಗೊಡುತ್ತಾನೆ. ಕತ್ತಿಗೆ ಸಿಕ್ಕಿದ್ದು ಹಿಟ್ಟು. ಆದರೆ ಸಂಕಲ್ಪ ಕೊಲ್ಲುವುದಾಗಿತ್ತು. ಆ ಒಂದು ಸಂಕಲ್ಪದ ಫಲವಾಗಿ ತಾಯಿ ಮಕ್ಕಳಿಬ್ಬರೂ ಹಲವು ತಿರ್ಯಗ್ಜನ್ಮಗಳಲ್ಲಿ ತೊಳಲುತ್ತಾರೆ. ಹಿಟ್ಟಿನ ಕೋಳಿಯ ಈ ಪ್ರಸಂಗವನ್ನು ಬಾಲ್ಯದಿಂದ ಕೇಳಿಕೊಂಡು ಬಂದ ಶ್ರಾವಕ ಕುಟುಂಬವೊಂದರ ಮಗನು ಯುದ್ಧವನ್ನೇ ವಸ್ತುವಾಗಿ ಉಳ್ಳ ಮಣೆಯಾಟವೊಂದನ್ನು ಮನೆಗೆ ತಂದು, ಅದರ ಜಟಿಲವಾದ ನಿಯಮಗಳನ್ನು ದಿನಗಟ್ಟಲೆ ಕುಳಿತು ಕಲಿಯತೊಡಗಿದರೆ, ಹಿರಿಯರಲ್ಲಿ ಶಂಕೆ ಹುಟ್ಟುವುದು ಸಹಜ. ಹಿಟ್ಟಿನ ಕೋಳಿ ಪಾಪಕ್ಕೆ ಕಾರಣವಾದರೆ ರಟ್ಟಿನ ಸೈನಿಕನನ್ನು ಕೊಲ್ಲುವುದು ಏಕಾಗಬಾರದು? ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದೂ ಸಲ್ಲದು, ವಿಚಾರಿಸದೆ ನಿಷೇಧ ಹೇರುವುದೂ ಸಲ್ಲದು.

ಯುದ್ಧವನ್ನು ಆಟವಾಗಿಸುವುದು ಹೊಸದೇನಲ್ಲ. ಆನೆ, ಕುದುರೆ, ರಥ, ಕಾಲಾಳು ಎಂಬ ಸೇನೆಯ ನಾಲ್ಕು ಅಂಗಗಳನ್ನೇ ಕಾಯಿಗಳನ್ನಾಗಿ ಮಾಡಿಕೊಂಡ ಚತುರಂಗವು ಭಾರತದಲ್ಲಿಯೇ ಹುಟ್ಟಿತು. ಏಳನೆಯ ಶತಮಾನದ ಬಾಣಭಟ್ಟನ ಹರ್ಷಚರಿತೆಯಲ್ಲಿ ಅದರ ಉಲ್ಲೇಖವಿದೆ. ಆದರೆ ಚತುರಂಗದ ನಿಯಮಗಳು ಒಂದು ಸಂಜೆಯಲ್ಲಿ ಕಲಿಯುವಷ್ಟು ಸರಳ. ನಿಜವಾದ ಯುದ್ಧದ ತೊಡಕುಗಳನ್ನೆಲ್ಲ ಆಟದೊಳಗೆ ತರುವ ಪ್ರಯತ್ನ ನಡೆದದ್ದು ಯೂರೋಪಿನ ಪ್ರಷ್ಯಾದಲ್ಲಿ. ಅಲ್ಲಿ ರೈಸ್ವಿಟ್ಸ್ ಎಂಬ ತಂದೆ ಆರಂಭಿಸಿದ ಕೆಲಸವನ್ನು ಸೇನಾಧಿಕಾರಿಯಾಗಿದ್ದ ಮಗ ಮುಂದುವರಿಸಿ, 1824ರಲ್ಲಿ ಕ್ರೀಗ್ಸ್‌ಶ್ಪೀಲ್ ಎಂಬ ಹೆಸರಿನಿಂದ ನಿಯಮಗಳನ್ನು ಪ್ರಕಟಿಸಿದನು. ನಕ್ಷೆಯ ಮೇಲೆ ಕೆಂಪು ಮತ್ತು ನೀಲಿ ತುಂಡುಗಳು, ದಾಳ, ನಷ್ಟದ ಪಟ್ಟಿಗಳು, ಇವೆಲ್ಲಕ್ಕೂ ಮೇಲೆ ಒಬ್ಬ ತೀರ್ಪುಗಾರ. ನಿಯಮಗಳು ಕಾಲಕ್ರಮದಲ್ಲಿ ಬೆಳೆದು ಆಟವೇ ಮುಂದೆ ಸಾಗದಂತಾದಾಗ, 1876ರಲ್ಲಿ ಫೆರ್ಡಿ ದು ಫೆರ್ನ್ವಾ ಎಂಬ ಸೇನಾನಿಯು ಬಹುಪಾಲು ಪಟ್ಟಿಗಳನ್ನು ಬದಿಗಿರಿಸಿ ಅನುಭವಿ ತೀರ್ಪುಗಾರನ ವಿವೇಕಕ್ಕೇ ನಿರ್ಣಯವನ್ನು ಒಪ್ಪಿಸುವ ಮಾರ್ಗವನ್ನು ಪ್ರತಿಪಾದಿಸಿದನು. ನಿಯಮಗಳ ರಾಶಿ ವಿವೇಕದ ಸ್ಥಾನವನ್ನು ತುಂಬಲಾರದೆಂಬುದು ಸೈನಿಕರಿಗೂ ಅನುಭವದಿಂದ ತಿಳಿಯಿತು.

ಜನಸಾಮಾನ್ಯರಿಗಾಗಿ ಇಂತಹ ಆಟಗಳನ್ನು ಮುದ್ರಿಸುವ ಉದ್ಯಮ ಬೆಳೆದುದು ಅಮೆರಿಕದಲ್ಲಿ. ಚಾರ್ಲ್ಸ್ ರಾಬರ್ಟ್ಸ್ 1954ರಲ್ಲಿ ಟ್ಯಾಕ್ಟಿಕ್ಸ್ ಎಂಬ ಆಟವನ್ನು ಪ್ರಕಟಿಸಿದನು. ಅನಂತರ ಅವನು ಸ್ಥಾಪಿಸಿದ ಅವಲಾನ್ ಹಿಲ್ ಸಂಸ್ಥೆಯಿಂದ 1977ರಲ್ಲಿ ಜಾನ್ ಹಿಲ್ ರೂಪಿಸಿದ ಸ್ಕ್ವಾಡ್ ಲೀಡರ್, 1985ರಲ್ಲಿ ಅದರ ವಿಸ್ತೃತ ರೂಪವಾದ ಅಡ್ವಾನ್ಸ್ಡ್ ಸ್ಕ್ವಾಡ್ ಲೀಡರ್ ಹೊರಬಂದವು. ಎರಡನೆಯ ಮಹಾಯುದ್ಧದ ಸಣ್ಣ ಕಾಳಗಗಳನ್ನು ಚಿತ್ರಿಸುವ ಈ ಕೊನೆಯ ಆಟವು ನಿಯಮಗಳ ಜಟಿಲತೆಗೆ ಹೆಸರಾದದ್ದು. ಅದರ ನಿಯಮಗ್ರಂಥವನ್ನು ಹೊಲಿದು ಕಟ್ಟಿಲ್ಲ. ತಿದ್ದುಪಡಿಯಾದ ಹಾಳೆಗಳನ್ನು ಬದಲಿಸಿಕೊಳ್ಳಲು ಅನುವಾಗುವಂತೆ ಬಿಡಿ ಹಾಳೆಗಳ ಕಡತದಂತೆ ಇರಿಸಲಾಗಿದೆ.

ಕಲಿಯುವವನ ಕಷ್ಟವನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಷಟ್ಕೋನದ ಮನೆಗಳಿರುವ ನಕ್ಷೆಯಲ್ಲಿ ಒಂದೊಂದು ಮನೆ ಸುಮಾರು 40 ಮೀಟರ್ ನೆಲಕ್ಕೆ ಸಮ. ರಟ್ಟಿನ ಬಿಲ್ಲೆಯೊಂದು ಕೆಲವು ಸೈನಿಕರ ತುಕಡಿ. ಅದರ ಮೇಲೆ ಮೂರು ಅಂಕಿಗಳು: ಗುಂಡಿನ ಬಲ, ಅದು ಮುಟ್ಟುವ ದೂರ, ಮನೋಸ್ಥೈರ್ಯ. ಒಬ್ಬ ಆಟಗಾರನ ಸರದಿಯಲ್ಲಿ ಎಂಟು ಹಂತಗಳು. ಎದುರಾಳಿಯ ತುಕಡಿ ಬಯಲಿನಲ್ಲಿ ಚಲಿಸುತ್ತಿರುವಾಗಲೇ ರಕ್ಷಿಸುವವನು ಗುಂಡು ಹಾರಿಸಬಹುದು. ಒಮ್ಮೆ ಹಾರಿಸಿದ ತುಕಡಿ ಅದೇ ಸರದಿಯಲ್ಲಿ ಮತ್ತೊಮ್ಮೆ ಹಾರಿಸಬಹುದೇ? ಹಾರಿಸಬಹುದು; ಆದರೆ ಬಲ ಅರ್ಧಕ್ಕಿಳಿಯುತ್ತದೆ, ಗುರಿಯ ದೂರಕ್ಕೂ ಕಟ್ಟುಪಾಡು ಬೀಳುತ್ತದೆ. ಗುಂಡಿಗೆ ಗುರಿಯಾದ ತುಕಡಿ ಎರಡು ದಾಳಗಳನ್ನುರುಳಿಸಿ ತನ್ನ ಮನೋಸ್ಥೈರ್ಯದ ಅಂಕಿಯನ್ನು ಮೀರಿದರೆ ಧೈರ್ಯಗೆಡುತ್ತದೆ. ಆಗ ಬಿಲ್ಲೆಯನ್ನು ಮಗುಚಿ ಇಡಬೇಕು. ನಿಯಮ, ನಿಯಮಕ್ಕೆ ಅಪವಾದ, ಅಪವಾದಕ್ಕೆ ಮತ್ತೊಂದು ಅಪವಾದ ಹೀಗೆ ಪುಟಗಳು ಸಾಗುತ್ತವೆ. ಮೊದಲ ಓದಿನಲ್ಲಿ ಮನಸ್ಸು ಕಂಗೆಡದವರು ವಿರಳ. 2004ರಲ್ಲಿ ಆರಂಭಿಕರಿಗಾಗಿಯೇ ಸಂಕ್ಷಿಪ್ತ ನಿಯಮಗಳ ಪ್ರವೇಶಿಕೆಯೊಂದನ್ನು ಪ್ರಕಟಿಸಬೇಕಾಗಿ ಬಂದುದರಲ್ಲಿ ಆಶ್ಚರ್ಯವಿಲ್ಲ. ಹನ್ನೊಂದು ಪ್ರತಿಮೆಗಳ ಸೋಪಾನವನ್ನು ಬಲ್ಲ ಶ್ರಾವಕನಿಗೆ ಈ ಕ್ರಮ ಅಪರಿಚಿತವಲ್ಲ. ಮೇಲಿನ ಮೆಟ್ಟಿಲಿನ ಭಾರವನ್ನು ಮೊದಲ ದಿನವೇ ಯಾರ ಮೇಲೂ ಹೊರಿಸಲಾಗದು.

ಇಲ್ಲಿಂದ ಮುಂದೆ ಮೂಲಪ್ರಶ್ನೆಯನ್ನು ಎತ್ತಿಕೊಳ್ಳಬಹುದು. ಯಶೋಧರನ ಪ್ರಸಂಗಕ್ಕೂ ಈ ಆಟಕ್ಕೂ ಒಂದು ಮುಖ್ಯ ಭೇದವಿದೆ. ಯಶೋಧರನು ಹಿಟ್ಟಿನ ಕೋಳಿಯನ್ನು ಜೀವಂತ ಕೋಳಿಯ ಸ್ಥಾನದಲ್ಲಿಟ್ಟು, ವಧೆಯ ಫಲ ತನಗೆ ಸಲ್ಲಲೆಂದು ಬಯಸಿ ಖಡ್ಗವೆತ್ತಿದನು. ಅಲ್ಲಿ ಹಿಟ್ಟು ನೆಪವಾಗಿತ್ತು, ವಧೆ ಉದ್ದೇಶವಾಗಿತ್ತು. ಬಿಲ್ಲೆಯನ್ನು ಸರಿಸುವವನು ಯಾವ ಜೀವಿಯ ಮರಣವನ್ನೂ ಕೋರುವುದಿಲ್ಲ. ಒಂದು ಸಮಸ್ಯೆಯನ್ನು ಬಿಡಿಸಲು, ಎದುರಾಳಿಯ ಬುದ್ಧಿಯನ್ನು ತನ್ನ ಬುದ್ಧಿಯಿಂದ ಎದುರಿಸಲು ಯತ್ನಿಸುತ್ತಾನೆ. ಆದಕಾರಣ ರಟ್ಟಿನ ಸೇನೆಯನ್ನು ನೇರವಾಗಿ ಹಿಟ್ಟಿನ ಕೋಳಿಗೆ ಸಮೀಕರಿಸುವುದು ನ್ಯಾಯವಲ್ಲ. ಹಾಗೆಂದು, ಬರಿಯ ರಟ್ಟು ತಾನೆ ಎಂಬ ಮಾತಿನಿಂದಲೇ ಆಟಗಾರ ನಿರ್ದೋಷಿಯಾಗುವುದೂ ಇಲ್ಲ. ಬರಿಯ ಹಿಟ್ಟು ತಾನೆ ಎಂಬುದು ಯಶೋಧರನಿಗೂ ದೊರಕಿದ್ದ ಸಮಾಧಾನವೇ ಆಗಿತ್ತು. ಕಥೆ ಶ್ರಾವಕನ ಕೈಗೆ ಕೊಡುವುದು ಒಂದು ಅಳತೆಗೋಲನ್ನು: ಕಾಯಿ ಯಾವುದರಿಂದ ಮಾಡಿದ್ದು ಎಂದು ಕೇಳುವುದಕ್ಕಿಂತ ಭಾವ ಯಾವುದು ಎಂದು ಕೇಳಬೇಕು.

ಈ ಅಳತೆಗೋಲನ್ನು ಹಿಡಿದು ನೋಡಿದರೆ, ನೈತಿಕ ಪರೀಕ್ಷೆ ಆರಂಭವಾಗುವುದು ಕಾಳಗದಲ್ಲಲ್ಲ, ನಿಯಮಗಳನ್ನು ಓದುವ ಹೊತ್ತಿನಲ್ಲಿಯೇ. ಇಷ್ಟು ಜಟಿಲವಾದ ಗ್ರಂಥದಲ್ಲಿ ಎರಡು ಅರ್ಥಕ್ಕೆ ಎಡೆಗೊಡುವ ವಾಕ್ಯಗಳಿಲ್ಲದಿಲ್ಲ. ಅಂತಹ ವಾಕ್ಯ ಎದುರಾದಾಗ ಪ್ರತಿಯೊಬ್ಬನಿಗೂ ತನ್ನ ತುಕಡಿಯನ್ನು ಉಳಿಸುವ ಅರ್ಥವೇ ಸರಿಯಾದ ಅರ್ಥವೆಂದು ತೋರುತ್ತದೆ. ಅವನು ಸುಳ್ಳು ಹೇಳುತ್ತಿರುವುದಿಲ್ಲ. ಅವನಿಗೆ ನಿಜವಾಗಿಯೂ ಹಾಗೆಯೇ ಕಾಣುತ್ತದೆ. ರಾಗವು ಬುದ್ಧಿಯನ್ನು ಬಣ್ಣಗೊಳಿಸುವ ಬಗೆಯೇ ಇದು. ನಿಯಮವನ್ನು ಬಲ್ಲವನು, ಎದುರಾಳಿಗೆ ಅನುಕೂಲವಾಗುವ ನಿಯಮ ಅವನಿಗೆ ತಿಳಿದಿಲ್ಲವೆಂದು ಅರಿತೂ ಸುಮ್ಮನಿದ್ದರೆ ಅದು ಮಾಯಾಕಷಾಯ. ದಾಳ ಕೈಕೊಟ್ಟಾಗ ಕ್ರೋಧ, ಗೆದ್ದಾಗ ಮಾನ, ಗೆಲ್ಲಲೇಬೇಕೆಂಬಲ್ಲಿ ಲೋಭ. ನಾಲ್ಕು ಕಷಾಯಗಳೂ ಒಂದು ಮಣೆಯ ಸುತ್ತ ಬಂದು ಕೂರಬಲ್ಲವು. ಕಲಿಯುವವನೊಬ್ಬ ಎರಡರ್ಥದ ವಾಕ್ಯವನ್ನು ಮೊದಲು ಎದುರಾಳಿಯ ಸ್ಥಾನದಿಂದ ಓದಿ, ಅನಂತರ ತನ್ನ ಸ್ಥಾನದಿಂದ ಓದುವ ಅಭ್ಯಾಸ ಮಾಡಿಕೊಂಡರೆ, ಅನೇಕಾಂತವು ಅವನಿಗೆ ಉಪನ್ಯಾಸದ ವಿಷಯವಾಗಿ ಉಳಿಯದೆ ರೂಢಿಯಾಗುತ್ತದೆ. ಎರಡು ಓದುಗಳೂ ಸರಿಯೆಂದು ಅನೇಕಾಂತ ಹೇಳುವುದಿಲ್ಲ. ಯಾವ ಅಪೇಕ್ಷೆಯಿಂದ ಯಾವುದು ಸರಿ ಎಂದು ಪರಿಶೀಲಿಸಲು ಹೇಳುತ್ತದೆ.

ಇದು ಮಣೆಗೆ ಮಾತ್ರ ಸಂಬಂಧಿಸಿದ ಮಾತಲ್ಲ. ಬಸದಿಯ ಟ್ರಸ್ಟಿನ ನಿಯಮಾವಳಿಯಲ್ಲಿ ಸದಸ್ಯತ್ವದ ಕುರಿತೋ ಪೂಜೆಯ ಸರದಿಯ ಕುರಿತೋ ಅಸ್ಪಷ್ಟವಾದ ಒಂದು ಕಲಮು ಇದ್ದರೆ, ಎರಡು ಪಕ್ಷಗಳು ಅದನ್ನು ಎರಡು ರೀತಿಯಲ್ಲಿ ಓದಿ ನ್ಯಾಯಾಲಯದ ಮೆಟ್ಟಿಲೇರುವುದುಂಟು. ರಟ್ಟಿನ ಬಿಲ್ಲೆಗಾಗಿ ತನಗೆ ಪ್ರತಿಕೂಲವಾದ ಅರ್ಥವನ್ನು ಒಪ್ಪಿಕೊಳ್ಳಲು ಕಲಿತವನು ಅಂತಹ ಸಭೆಯಲ್ಲಿ ಹೆಚ್ಚು ಪ್ರಾಮಾಣಿಕನಾಗಿ ಕುಳಿತಾನು. ಆಟದಲ್ಲಿಯೇ ಕಲಿಯದವನು ಸಭೆಯಲ್ಲಿ ಕಲಿಯುವುದು ಕಷ್ಟ.

ಇದೇ ನಿಯಮಗ್ರಂಥದ ಆರಂಭದಲ್ಲಿ ತಪ್ಪುಗಳ ಕುರಿತು ಒಂದು ಸೂತ್ರವಿದೆ. ನಿಯಮವನ್ನು ಮರೆತು ಒಂದು ನಡೆ ನಡೆದುಹೋಗಿ, ಆಟ ಆ ಹಂತವನ್ನು ದಾಟಿ ಮುಂದೆ ಸಾಗಿದರೆ, ತಪ್ಪು ಬಯಲಾದರೂ ಆಟವನ್ನು ಹಿಂದಕ್ಕೆ ಒಯ್ಯುವಂತಿಲ್ಲ. ಫಲ ಹಾಗೆಯೇ ನಿಲ್ಲುತ್ತದೆ. ಹೊಸಬರಿಗೆ ಇದು ಅನ್ಯಾಯವೆಂದು ತೋರಬಹುದು. ಕರ್ಮಸಿದ್ಧಾಂತವನ್ನು ಬಲ್ಲವರಿಗೆ ಇದರ ಧ್ವನಿ ಪರಿಚಿತ. ನಡೆದುದನ್ನು ನಡೆಯದಂತೆ ಮಾಡಲು ಯಾರಿಗೂ ಸಾಧ್ಯವಿಲ್ಲ; ಅಜ್ಞಾನದಿಂದ ಮಾಡಿದ್ದೂ ಫಲವನ್ನು ಕೊಡದೆ ಬಿಡುವುದಿಲ್ಲ. ಆದರೆ ಆಟದ ಸೂತ್ರ ಇಲ್ಲಿಗೇ ನಿಲ್ಲುತ್ತದೆ, ಧರ್ಮ ಮುಂದೆ ಹೋಗುತ್ತದೆ. ಆದ ದೋಷವನ್ನು ಮರೆಮಾಡದೆ ಹೇಳಿಕೊಳ್ಳುವ ಆಲೋಚನೆ, ಅದರಿಂದ ಹಿಂದಿರುಗುವ ಪ್ರತಿಕ್ರಮಣ, ಮುಂದೆ ಮಾಡೆನೆಂಬ ಪ್ರತ್ಯಾಖ್ಯಾನ ಇವು ಆಟದ ಪುಸ್ತಕದಲ್ಲಿಲ್ಲ. ಅವನ್ನು ಆಡುವವನೇ ಮನೆಯಿಂದ ತರಬೇಕು.

ಎಲ್ಲಕ್ಕಿಂತ ಗಂಭೀರವಾದ ನಿಯಮ ಇನ್ನೊಂದಿದೆ. ಧೈರ್ಯಗೆಟ್ಟು ತಪ್ಪಿಸಿಕೊಳ್ಳಲು ದಾರಿಯಿಲ್ಲದ ತುಕಡಿ ಪಕ್ಕದಲ್ಲಿರುವ ಶತ್ರುವಿಗೆ ಶರಣಾಗುತ್ತದೆ. ಆ ಶರಣಾಗತಿಯನ್ನು ನಿರಾಕರಿಸಿ ತುಕಡಿಯನ್ನು ಅಲ್ಲಿಯೇ ಇಲ್ಲವಾಗಿಸುವ ಅವಕಾಶವನ್ನೂ ನಿಯಮಗಳು ಆಟಗಾರನಿಗೆ ಕೊಡುತ್ತವೆ. ಹಾಗೆ ಮಾಡಿದರೆ, ಅಂದಿನಿಂದ ಎದುರಾಳಿಯ ಸೈನಿಕರು ಆ ಬಗೆಯಲ್ಲಿ ಅವನಿಗೆ ಶರಣಾಗುವುದಿಲ್ಲ. ಯುದ್ಧದ ಕ್ರೂರ ಸತ್ಯವನ್ನು ಆಟ ಮರೆಮಾಚಿಲ್ಲ. ನಿರ್ದಯೆ ತನ್ನ ಬೆಲೆಯನ್ನು ತಾನೇ ತೆರುತ್ತದೆಂಬುದನ್ನೂ ತೋರಿಸಿದೆ. ಆದರೂ ನಿಯಮದ ದೃಷ್ಟಿಯಲ್ಲಿ ಇದು ಲಾಭನಷ್ಟದ ಲೆಕ್ಕ. ಕೈದಿಗಳನ್ನು ಕಾಯಲು ಒಂದು ತುಕಡಿಯನ್ನು ಬಿಟ್ಟುಕೊಡುವುದು ಲೇಸೋ, ಕೊಂದು ಮುಂದೆ ಸಾಗುವುದು ಲೇಸೋ ಎಂದು ಆಟಗಾರ ಎಣಿಸಬೇಕು. ಶರಣಾಗತನನ್ನು ಕೊಲ್ಲುವ ಮಾತನ್ನು ಅಂಕಿಗಳಲ್ಲಿ ತೂಗುವ ಈ ಕ್ಷಣದಲ್ಲಿಯೇ ಹಿಟ್ಟಿನ ಕೋಳಿಯ ಕಥೆ ಆಟದ ಮಣೆಗೆ ಅತಿ ಸಮೀಪಕ್ಕೆ ಬರುತ್ತದೆ. ಇಲ್ಲಿ ಮನಸ್ಸು ಹಿಗ್ಗಿದರೆ, ಆಗಮಗಳು ಹಿಂಸಾನಂದವೆಂದು ಕರೆದ ರೌದ್ರಧ್ಯಾನ ಅದೇ. ಇಲ್ಲಿ ಮನಸ್ಸು ತಡೆದು ನಿಂತರೆ, ಯುದ್ಧವೆಂದರೇನೆಂದು ಮಣೆಯೇ ಪಾಠ ಹೇಳಿದಂತೆ. ನಿಯಮ ಇಬ್ಬರಿಗೂ ಒಂದೇ. ಬಂಧ ಒಂದೇ ಅಲ್ಲ.

ಆಟದ ಸೈನ್ಯಗಳಿಗೆ ಹೆಸರಾದ ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್ ಕೂಡ ಇಂತಹುದೇ ವಿಚಾರಕ್ಕೆ ಬಂದಿದ್ದನು. ಗೊಂಬೆ ಸೈನಿಕರ ಕಾಳಗಕ್ಕೆ ನಿಯಮಗಳನ್ನು ಬರೆದು 1913ರಲ್ಲಿ ಪ್ರಕಟಿಸಿದ ಪುಸ್ತಕದ ಕೊನೆಯಲ್ಲಿ, ಚಿಕ್ಕ ಯುದ್ಧವನ್ನು ಆಡಿದವನಿಗೆ ದೊಡ್ಡ ಯುದ್ಧ ಎಂತಹ ಅವಿವೇಕವೆಂಬುದು ಅರಿವಾಗುತ್ತದೆ ಎಂಬ ಭಾವವನ್ನು ಅವನು ವ್ಯಕ್ತಪಡಿಸಿದನು. ಮರುವರ್ಷವೇ ಮಹಾಯುದ್ಧ ಸಿಡಿಯಿತು. ಪ್ರಷ್ಯಾದ ಅಧಿಕಾರಿಗಳಾದರೋ ಇಂತಹುದೇ ಆಟದಿಂದ ಯುದ್ಧಕ್ಕೆ ಸಿದ್ಧತೆ ನಡೆಸಿದರು. ಒಬ್ಬನಿಗೆ ಆಟ ಯುದ್ಧವನ್ನು ಬಿಡಿಸುವ ದಾರಿ, ಇನ್ನೊಬ್ಬನಿಗೆ ಯುದ್ಧವನ್ನು ಕಲಿಸುವ ಶಾಲೆ. ಮಣೆಗೆ ತನ್ನದೇ ಆದ ಶೀಲವಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಸ್ಪರ್ಧೆಯೆಂದ ಮಾತ್ರಕ್ಕೆ ಜೈನ ಪರಂಪರೆ ಅದನ್ನು ತಿರಸ್ಕರಿಸಿದ್ದಿಲ್ಲ. ಭರತ ಬಾಹುಬಲಿಗಳ ಸೇನೆಗಳು ಎದುರುಬದುರಾಗಿ ನಿಂತಾಗ, ನಿರಪರಾಧಿಗಳ ರಕ್ತ ಹರಿಯಬಾರದೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೆಂಬ ಮೂರು ಧರ್ಮಯುದ್ಧಗಳನ್ನು ಸೂಚಿಸಿದರು. ನಿಯಮಬದ್ಧ ಸ್ಪರ್ಧೆ ಸಂಹಾರದ ಸ್ಥಾನದಲ್ಲಿ ನಿಂತಿತು. ಸೋತ ಭರತನು ನಿಯಮವನ್ನು ಮೀರಿ ಚಕ್ರವನ್ನು ಪ್ರಯೋಗಿಸಿದನು. ಗೆದ್ದ ಬಾಹುಬಲಿ ಗೆಲುವನ್ನೇ ತ್ಯಜಿಸಿ ನಡೆದನು. ನಿಯಮಗಳನ್ನು ಕಲಿಯುವುದು ಸುಲಭವಲ್ಲ. ಸೋತಾಗ ಅವುಗಳಿಗೆ ಬದ್ಧನಾಗಿರುವುದು ಅದಕ್ಕಿಂತ ಕಠಿಣ. ಗೆದ್ದಾಗ ಮಾನವನ್ನು ಬಿಡುವುದು ಎಲ್ಲಕ್ಕಿಂತ ಕಠಿಣ.

ಆದುದರಿಂದ ಮನೆಯ ಹಿರಿಯರು ಕೆಲವು ಎಲ್ಲೆಗಳನ್ನು ಹಾಕಿಕೊಡುವುದು ಉಚಿತ. ಪಣವಿಟ್ಟು ಆಡಿದರೆ ಅದು ದ್ಯೂತ. ಸಪ್ತವ್ಯಸನಗಳಲ್ಲೊಂದಾದ ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಸ್ವಾಧ್ಯಾಯ, ವಿದ್ಯಾಭ್ಯಾಸ, ಗೃಹಕೃತ್ಯಗಳ ಹೊತ್ತನ್ನು ಆಟ ನುಂಗಿದರೆ ಅದು ಅನರ್ಥದಂಡದಲ್ಲಿ ಎಣಿಕೆಯಾಗುವ ಪ್ರಮಾದಚರ್ಯೆ. ಸೋಲುಗೆಲುವಿನ ಬಳಿಕ ದ್ವೇಷ ಮಣೆಯಿಂದೆದ್ದು ಊಟದ ಪಂಕ್ತಿಯವರೆಗೂ ಬಂದರೆ ಆಟವನ್ನು ನಿಲ್ಲಿಸುವುದೇ ಲೇಸು. ಈ ಎಲ್ಲೆಗಳೊಳಗೆ ಮಗನು ಆಡಿದರೆ ತಂದೆತಾಯಿಗಳು ಪೆಟ್ಟಿಗೆಯನ್ನು ಕಸಿದುಕೊಳ್ಳಬೇಕಾಗಿಲ್ಲ. ಒಂದು ಸಂಜೆ ಅವನ ಎದುರು ಕುಳಿತು, ಅರ್ಥವಾಗದ ನಿಯಮವೊಂದನ್ನು ಅವನಿಂದಲೇ ಓದಿಸಿಕೊಂಡು, ಶರಣಾದವನನ್ನು ಏನು ಮಾಡುವೆಯೆಂದು ಕೇಳಿದರೆ ಸಾಕು. ಅವನು ಕೊಡುವ ಉತ್ತರದಿಂದ ಆಟದ ಗುಣಕ್ಕಿಂತ ಮನೆಯ ಸಂಸ್ಕಾರ ಹೆಚ್ಚು ತಿಳಿದುಬರುತ್ತದೆ. ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ತಿದ್ದುವ ಕೆಲಸವೂ ಆ ಮಣೆಯ ಬಳಿಯಲ್ಲಿಯೇ ಆರಂಭವಾಗಬಹುದು.